ಯಾರೂ ಒಯ್ಯದ ಚೈನ್ ಗರಗಸ

ಮೊನ್ನೆ ಗೋಕುಲ ರಸ್ತೆಯ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಗೋಡೆಯ ತುಂಬ ಚೈನ್ ಗರಗಸಗಳು. ಕೆಂಪು, ಹಳದಿ, ಹಸಿರು, ಒಂದಕ್ಕಿಂತ ಒಂದು ಚೆಂದ. ಒಬ್ಬ ಗೃಹಸ್ಥರು ಬಂದು, ಹಿತ್ತಲಿನ ಗಿಡ ಸವರಬೇಕು, ಒಂದು ಕೊಡಿ ಎಂದರು. ಮಾರುವವನು ಎರಡು ತೆಗೆದಿಟ್ಟು, ಇದಕ್ಕೆ ಪವರು ಜಾಸ್ತಿ, ಇದಕ್ಕೆ ಕಡಿಮೆ ಎಂದ. ಅವರು ಜಾಸ್ತಿಯದನ್ನೇ ತೋರಿಸಿದರು. ಪಾವತಿ ಹರಿದಾಯಿತು, ಡಬ್ಬಿ ಕಟ್ಟಿದ್ದಾಯಿತು, ಅವರು ಹೋಗಿಯೂ ಬಿಟ್ಟರು. ಯಾವ ಗಿಡ, ಎಷ್ಟು ದಪ್ಪ, ಎಲ್ಲಿ ನಿಂತು ಕೊಯ್ಯುತ್ತೀರಿ, ಹಿಡಿಯುವವರು ಯಾರು, ಒಂದು ಮಾತೂ ಇಲ್ಲ.

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೆಲಸ ಬಿಟ್ಟ ಮೇಲೆ ಕಂಡವರ ಅಂಗಡಿಯಲ್ಲಿ ಬುದ್ಧಿ ಹೇಳಲು ಹೋಗಬಾರದೆಂದು ನನ್ನ ಹೆಂಡತಿ ತಾಕೀತು ಮಾಡಿದ್ದಾಳೆ. ಹಾಗಾಗಿ ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಓದಲಿ. ಓದದಿದ್ದರೂ ಅಡ್ಡಿಯಿಲ್ಲ, ನನ್ನ ಹೊಟ್ಟೆಯಾದರೂ ಹಗುರಾಗುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಕಬ್ಬಿಣ ಸಾಮಾನಿನ ಅಂಗಡಿಯೊಂದಕ್ಕೆ ಸೇರಿದ್ದು ಐವತ್ತರ ದಶಕದ ಕೊನೆಗೆ. ದುರ್ಗದ ಬೈಲಿನಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಆ ಅಂಗಡಿ. ಮಾಲೀಕರು ಬಸಲಿಂಗಪ್ಪ ಸಾವುಕಾರರು. ಹಣೆಯ ತುಂಬ ವಿಭೂತಿ, ತಲೆಗೆ ರುಮಾಲು, ಮೈಮೇಲೆ ಬೇಸಿಗೆಯಲ್ಲೂ ಕಳಚದ ಕರಿಕೋಟು. ಅವರ ವಂಶದವರೆಲ್ಲ ಅರಳೆ ವ್ಯಾಪಾರಸ್ಥರು. ಇವರೊಬ್ಬರು ಮಾತ್ರ ಮೊಳೆ, ತಿರುಪು, ಗುದ್ದಲಿ, ಗರಗಸ ಎಂದು ಕಬ್ಬಿಣಕ್ಕೆ ಮನಸ್ಸು ಕೊಟ್ಟವರು. ಹೊಸ ಗರಗಸ ಬಂದರೆ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂಸಿನ ಕೆನ್ನೆ ಸವರಿದ ಹಾಗೆ ಸವರುತ್ತಿದ್ದರು. ನನಗೆ ಸಿಟ್ಟು ಬರುವಷ್ಟು ನಿಧಾನದ ಮನುಷ್ಯ. ಅವರ ಮೇಲೆ ನಾನು ಮುನಿಸಿಕೊಂಡ ದಿನಗಳೇ ಹೆಚ್ಚು. ಆದರೆ ಇಂದು ನೆನೆಸಿಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುವುದು ಕೂಡ ಅವರನ್ನೇ.

ಅಂಗಡಿಯಲ್ಲಿ ಅವರದೊಂದು ಪದ್ಧತಿ ಇತ್ತು. ಗರಗಸ ಕೊಳ್ಳಲು ಬಂದವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಯ ಮಟ್ಟಕ್ಕೆ ಎತ್ತಿಕೊಂಡು ಸಾವುಕಾರರು ಕೂರುವ ಗಾದಿಯ ಮುಂದೆ ನಿಲ್ಲಬೇಕು. ಸಾವುಕಾರರು ಆಗ ಚಹಾ ತರಿಸುತ್ತಿದ್ದರು. ಬಸಿಗೆ, ಅಂದರೆ ಕಪ್ಪಿನ ಕೆಳಗಿನ ಸಾಸರಿಗೆ, ಸುರುವಿಕೊಂಡು, ಊದಿ ಊದಿ, ಗಿಡದ ವಿಚಾರ, ಮನೆಯ ವಿಚಾರ, ಬೀಗರ ವಿಚಾರ ಕೇಳುತ್ತ ಕುಡಿಯುತ್ತಿದ್ದರು. ಬಸಿ ಬರಿದಾಗುವ ಮೊದಲೇ ಗಿರಾಕಿಯ ತೋಳು ನಡುಗಿತೋ, ಆ ಗರಗಸ ಅವರಿಗಲ್ಲ. ಅದಕ್ಕಿಂತ ಸಣ್ಣದನ್ನು ತೆಗೆದುಕೊಡಲು ನನಗೆ ಕಣ್ಣಲ್ಲೇ ಹೇಳುತ್ತಿದ್ದರು. ಆಮೇಲೆ ಗಿರಾಕಿಗೂ ಚಹಾ. ಬಲ ತೋರಿಸಲು ಹಲ್ಲು ಕಚ್ಚಿ ನಿಂತವರನ್ನು ನೋಡಿ ನಾವು ಒಳಗೊಳಗೇ ನಗುತ್ತಿದ್ದೆವು. ಆದರೆ ಪದ್ಧತಿ ಸುಳ್ಳಲ್ಲ. ಮರ ಕೊಯ್ಯುವಾಗ ಗರಗಸ ಕೈಯಲ್ಲಿರುವುದು ಒಂದು ಗಳಿಗೆಯಲ್ಲ. ದಣಿದ ಕೈಯಲ್ಲಿರುವ ಗರಗಸಕ್ಕೆ ಮರ ಯಾವುದು, ಮೊಣಕಾಲು ಯಾವುದು ಗೊತ್ತಾಗುವುದಿಲ್ಲ.

ಇಂಥ ಸಾವುಕಾರರು ಒಮ್ಮೆ ಸಾಮಾನು ತರಲು ಮುಂಬಯಿಗೆ ಹೋದವರು ಬರುವಾಗ ಮರದ ಪೆಟ್ಟಿಗೆಯಲ್ಲಿ ಒಂದು ಚೈನ್ ಗರಗಸ ತಂದುಬಿಟ್ಟರು. ಅರವತ್ತರ ದಶಕದ ಮೊದಲ ವರ್ಷಗಳು. ಪರದೇಶದ ಮಾಲು. ಯಾವುದೋ ಕಂಪನಿ ಬಾಗಿಲು ಹಾಕಿದಾಗ ಹರಾಜಿನಲ್ಲಿ ಸಿಕ್ಕದ್ದಂತೆ. ಪೆಟ್ರೋಲಿನ ಇಂಜಿನು, ಮುಂದೆ ತೋಳಿನಷ್ಟು ಉದ್ದದ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಸರಪಳಿ. ಹಗ್ಗ ಜಗ್ಗಿದರೆ ಓಣಿಯ ಎತ್ತುಗಳೆಲ್ಲ ಕಣ್ಣಿ ಹರಿದುಕೊಳ್ಳಬೇಕು, ಅಂಥ ಸದ್ದು. ಧಾರವಾಡದಲ್ಲಿ ಬಂಗಲೆಗಳಿವೆ, ಬಂಗಲೆಗಳಿಗೆಲ್ಲ ದೊಡ್ಡ ಕಂಪೌಂಡುಗಳಿವೆ, ಕಂಪೌಂಡಿನ ತುಂಬ ಗಿಡಗಳಿವೆ, ವಕೀಲರೂ ಡಾಕ್ಟರರೂ ಸಾಲುಗಟ್ಟಿ ಬರುತ್ತಾರೆ ಎಂದು ಸಾವುಕಾರರ ಲೆಕ್ಕ. ಮನೆಗೂ ತೋಟಕ್ಕೂ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಒಂದು ಹಲಗೆಯನ್ನೂ ಬರೆಸಿ ಹಾಕಿದರು.

ಬಂದರು, ಬರಲಿಲ್ಲವೆಂದಲ್ಲ. ನೋಡಿದರು, ಮುಟ್ಟಿದರು, ಬೆರಗಾದರು. ಆದರೆ ಕೊಳ್ಳುವ ಮಾತು ಬಂದ ಕೂಡಲೇ ಸಾವುಕಾರರು ಪೆಟ್ರೋಲು ತುಂಬಿಸಿ, ಕೈಗೆ ಕೊಟ್ಟು, ತಮಗೆ ಚಹಾ ತರಿಸುತ್ತಿದ್ದರು. ಖಾಲಿ ಯಂತ್ರದ ತೂಕ ನೋಡಿ ಮೋಸ ಹೋಗಬೇಡಿ, ಅದು ಕೆಲಸ ಮಾಡುವುದು ಹೊಟ್ಟೆ ತುಂಬಿದಾಗ ಎನ್ನುತ್ತಿದ್ದರು. ಅರ್ಧ ಬಸಿ ಮುಗಿಯುವುದರೊಳಗೆ ವಕೀಲರ ತೋಳು ನಡುಗುತ್ತಿತ್ತು, ಡಾಕ್ಟರರ ತೋಳೂ ನಡುಗುತ್ತಿತ್ತು. ಅವರು ಹಿಂದಕ್ಕೆ ಹೋಗುತ್ತಿದ್ದರು. ಅದನ್ನು ಮಾರಲು ಎಲ್ಲರಿಗಿಂತ ಹೆಚ್ಚು ಆಸೆ ಸಾವುಕಾರರಿಗೆ. ಮಾರಾಟವಾಗದ ಹಾಗೆ ನೋಡಿಕೊಂಡವರೂ ಅವರೇ. ಈ ಮನುಷ್ಯನಿಗೆ ಏನು ಹೇಳಬೇಕು ನೀವೇ ಹೇಳಿ.

ಒಮ್ಮೆ ಗರಡಿಯ ಪೈಲವಾನನೊಬ್ಬ ಬಂದ. ಬಸಿ ಬರಿದಾಯಿತು, ಎರಡನೇ ಕಪ್ಪು ತರಿಸಿದ್ದಾಯಿತು, ಅವನ ತೋಳು ಅಲುಗಲಿಲ್ಲ. ನಾನು ಖುಷಿಯಿಂದ ಪೆಟ್ಟಿಗೆ ಒರೆಸಲು ಶುರುಮಾಡಿದೆ. ಅಷ್ಟರಲ್ಲಿ ಸಾವುಕಾರರು ಯಾವ ಗಿಡ ಎಂದು ಕೇಳಿದರು. ಹಿತ್ತಲಿನಲ್ಲಿ ಒಂದು ನುಗ್ಗೆ ಗಿಡ ಇದೆ, ಟೊಂಗೆಗಳು ಪಕ್ಕದ ಮನೆಗೆ ಚಾಚಿವೆ ಎಂದ ಆತ. ಅದಕ್ಕೆ ಒಂದು ಕುಡಗೋಲು ಸಾಕೆಂದು ಹೇಳಿ, ಕುಡಗೋಲನ್ನೇ ಕೊಟ್ಟು ಕಳಿಸಿದರು. ಆ ದಿನ ಸಂಜೆಯವರೆಗೆ ನಾನು ಅವರೊಡನೆ ಮಾತಾಡಲಿಲ್ಲ.

ಆ ಯಂತ್ರದ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಅಂಗಡಿಯ ಆಯುಧಗಳನ್ನೆಲ್ಲ ಸಾಲಾಗಿಟ್ಟು ಪೂಜೆ ಮಾಡಬೇಕು. ಪೂಜೆ ಮಾಡುವವರು ಸಾವುಕಾರರ ಮನೆಯವರು, ನೀಲಮ್ಮನವರು. ಚೈನ್ ಗರಗಸಕ್ಕೆ ಅದು ಮೊದಲ ಹಬ್ಬ, ಹಾಗಾಗಿ ಸಾಲಿನ ಮುಂದೆಯೇ ಸ್ಥಾನ. ನೀಲಮ್ಮನವರು ಇದರ ಹಣೆ ಯಾವ ಕಡೆ ಎಂದು ಕೇಳಿದರು. ಸಾವುಕಾರರು ಬಹಳ ಯೋಚನೆ ಮಾಡಿ, ಹೊಗೆ ಬರುವ ತೂತುಗಳಿದ್ದ ಕಡೆಯನ್ನು ತೋರಿಸಿದರು. ಅವರು ಅಲ್ಲಿ ವಿಭೂತಿ ಎಳೆದರು, ಅರಿಷಿಣ ಏರಿಸಿದರು, ಕುಂಕುಮವನ್ನಂತೂ ಮನಸ್ಸು ತೃಪ್ತಿಯಾಗುವವರೆಗೆ ಒತ್ತಿದರು. ಗಾಳಿ ಎಳೆಯುವ ಕಂಡಿಯಲ್ಲಿ ಚೆಂಡು ಹೂ ಸಿಗಿಸಿದರು. ನೋಡಲು ಲಕ್ಷಣವಾಗಿಯೇ ಇತ್ತು.

ಹಬ್ಬ ಮುಗಿದ ಮರುದಿನ ಧಾರವಾಡದ ಪ್ರಾಧ್ಯಾಪಕರೊಬ್ಬರು ಬಿಳಿ ಜುಬ್ಬಾ ತೊಟ್ಟು ಯಂತ್ರ ನೋಡಲು ಬಂದರು. ನಾನು ಹಗ್ಗ ಜಗ್ಗಿದೆ, ಅದು ಕೆಮ್ಮಿತು. ಮತ್ತೆ ಜಗ್ಗಿದೆ, ಮತ್ತೆ ಕೆಮ್ಮಿತು. ಏನಾಗಿದೆಯೆಂದು ಅವರು ಬಗ್ಗಿ ನೋಡುವುದಕ್ಕೂ ಅದು ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ನೀಲಮ್ಮನವರ ಕುಂಕುಮವೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಪ್ರಾಧ್ಯಾಪಕರು ಓಕುಳಿ ಆಡಿದವರಂತೆ ನಿಂತಿದ್ದರು. ಪುಣ್ಯಾತ್ಮರು ಸಿಟ್ಟಾಗಲಿಲ್ಲ, ಆದರೆ ಕೊಳ್ಳಲೂ ಇಲ್ಲ. ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆದು ಕೂರಿಸಬೇಕಾಯಿತು. ಮುಂದಿನ ವರ್ಷದಿಂದ ಅದನ್ನು ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಗೆ ಪೂಜೆ.

ಹೀಗೆ ಅದು ಯಾರ ಕೈಗೂ ಹೋಗದೆ ಅಂಗಡಿಯಲ್ಲೇ ಕುಳಿತಿದ್ದಾಗ ದೊಡ್ಡಮನಿ ಮಾಸ್ತರರು ಬಂದರು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇವರ ಸಂಗತಿ.

ಮುಂಗಾರಿಗೆ ಮುಂಚಿನ ದಿನಗಳು. ಮಧ್ಯಾಹ್ನ ಸುಡುಬಿಸಿಲು, ಸಂಜೆಗೆ ಗುಡುಗು, ಗಾಳಿ, ಅಡ್ಡಮಳೆ. ಮಾಸ್ತರರು ಧಾರವಾಡದ ಪ್ರಾಥಮಿಕ ಶಾಲೆಯೊಂದರ ಮುಖ್ಯಾಧ್ಯಾಪಕರು. ಸಣ್ಣ ಮೈಕಟ್ಟು, ಇಸ್ತ್ರಿ ಮಾಡಿದ ಖಾದಿ ಅಂಗಿ, ಅಳೆದು ತೂಗಿ ಮಾತು. ಬಂದವರೇ ಬೇರೆ ಏನನ್ನೂ ನೋಡದೆ ಚೈನ್ ಗರಗಸದ ಮುಂದೆ ನಿಂತರು. ಇದು ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದೆ. ಇದನ್ನು ಒಯ್ಯುತ್ತೇನೆ ಎಂದರು. ಸಾವುಕಾರರು ಚಹಾಕ್ಕೆ ಹೇಳಿದರು.

ಮಾಸ್ತರರು ಯಂತ್ರ ಎತ್ತಿ ನಿಂತರು. ಬಸಿಗೆ ಚಹಾ ಸುರುವುವುದರೊಳಗೇ ಅವರ ಮೊಣಕೈ ಅದುರತೊಡಗಿತು. ಮುಖ ಕೆಂಪಾಯಿತು, ಆದರೂ ಕೆಳಗಿಡಲಿಲ್ಲ. ಸಾವುಕಾರರು ಕುಡಿಯದೆ ಬಸಿ ಕೆಳಗಿಟ್ಟು, ನಾನೇ ಹೋಗಿ ಯಂತ್ರ ಇಸಿದುಕೊಳ್ಳುವಂತೆ ಸನ್ನೆ ಮಾಡಿದರು. ಕುರ್ಚಿ ಹಾಕಿಸಿ, ಯಾವ ಗಿಡ ಎಂದು ಕೇಳಿದರು.

ಅರಳಿ ಗಿಡ ಎಂದರು ಮಾಸ್ತರರು.

ನಮ್ಮ ಕಡೆ ಅರಳಿಗೆ ಕಬ್ಬಿಣ ತಾಗಿಸುವವರಿಲ್ಲ. ಸಾವುಕಾರರ ಮನೆಯಲ್ಲಿ ಅವರ ತಾಯಿಯ ಕಾಲದಿಂದ ಅರಳಿಗೆ ಸುತ್ತು ಹಾಕದೆ ಸೋಮವಾರ ಊಟವಿಲ್ಲ. ಅವರ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಿತು.

ಮಾಸ್ತರರು ಗಡಿಬಿಡಿಯಿಲ್ಲದೆ ಎಲ್ಲವನ್ನೂ ಹೇಳಿದರು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಅವರು ಬೌದ್ಧರಾಗಿ ಕೆಲವು ವರ್ಷಗಳಾಗಿದ್ದವು. ಧಾರವಾಡದಲ್ಲಿ ಮನೆ ಕೊಳ್ಳುವಾಗ ಆ ಜಾಗವನ್ನೇ ಹುಡುಕಿ ಕೊಂಡದ್ದು ಅಲ್ಲಿ ಅರಳಿ ಇದೆಯೆಂದು. ಅದರ ನೆರಳಿನಲ್ಲಿ ಸಂಸಾರಸ್ಥರು ಇರಬಾರದೆಂದು ಬೇರೆಯವರು ಬಿಟ್ಟ ಜಾಗ ಅದು. ಬೆಳಗಿನ ಹೊತ್ತು ಅವರ ತಾಯಿ ಗಂಗವ್ವ ಗಿಡದ ಬುಡದಲ್ಲಿ ಕುಳಿತೇ ದಿನ ಶುರುಮಾಡುವುದು. ಹೋದ ವಾರದ ಗಾಳಿಗೆ ಒಂದು ದೊಡ್ಡ ಕೊಂಬೆ ಬುಡದಲ್ಲೇ ಸೀಳಿ, ತಾಯಿ ಮಲಗುವ ಕೋಣೆಯ ಹಂಚಿನ ಮೇಲೆ ಬಾಗಿ ನಿಂತಿದೆ. ಕೆಳಗೆ ಗಳ ಕೊಟ್ಟು ಆನಿಸಿದ್ದಾರೆ. ಇನ್ನೊಂದು ಗಾಳಿ ಬಂದರೆ ಅದೂ ನಿಲ್ಲುವುದಿಲ್ಲ. ಕೊಂಬೆ ತಾನಾಗಿ ಹರಿದರೆ ಕೋಣೆ ಹೋಗುತ್ತದೆ, ಕಾಂಡವನ್ನೂ ಅರ್ಧ ಸಿಗಿದುಕೊಂಡೇ ಹೋಗುತ್ತದೆ. ತಾಯಿಯನ್ನು ಬೇರೆ ಕೋಣೆಗೆ ಕರೆದರೆ, ಗಿಡಕ್ಕೆ ಹೆದರಿ ಜಾಗ ಬಿಡುವುದಿಲ್ಲ ಎಂದು ಅವರು ಅಲ್ಲೇ ಮಲಗುತ್ತಾರೆ. ಗಿಡಕ್ಕೆ ಧಕ್ಕೆಯಾಗದಂತೆ ಅದೊಂದು ಕೊಂಬೆಯನ್ನು ಇಳಿಸಬೇಕು.

ಸಾವುಕಾರರು ಕೊಂಬೆ ಎಷ್ಟು ದಪ್ಪ, ಎಷ್ಟು ಎತ್ತರದಲ್ಲಿದೆ ಎಂದು ಕೇಳಿ ತಿಳಿದುಕೊಂಡರು. ಆಮೇಲೆ, ಸೀಳಿದ ಕೊಂಬೆಗೆ ಈ ಯಂತ್ರ ಬೇಡ, ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಇದನ್ನು ನಡೆಸಿದವರು ಕೈಕಾಲು ಉಳಿಸಿಕೊಳ್ಳುವುದಿಲ್ಲ, ಬಿರುಕಿನಲ್ಲಿ ಸರಪಳಿ ಸಿಕ್ಕರೆ ತಿರುಗಿ ಮುಖಕ್ಕೇ ಹಾರುತ್ತದೆ ಎಂದು ವಿವರವಾಗಿ ಹೇಳಿದರು. ಇದನ್ನು ಇಂದಿಗೂ ಬರೆದಿಟ್ಟುಕೊಳ್ಳಿ, ಮಾರುವವರೇ. ಗೋಡೆಯ ಮೇಲಿನ ಉದ್ದ ಗರಗಸವನ್ನು ತೋರಿಸಿ, ಇಂಥ ಕೆಲಸಕ್ಕೆ ಅದೇ ಸರಿ ಎಂದರು. ಎರಡು ತುದಿಗೆ ಎರಡು ಹಿಡಿಕೆ, ಆಚೆ ಒಬ್ಬರು ಈಚೆ ಒಬ್ಬರು ನಿಂತು ಎಳೆಯುವ ಗರಗಸ.

ಮಾಸ್ತರರು ಅದರ ಕಡೆ ನೋಡಿದರು.

"ಅದು ನನಗೂ ಗೊತ್ತೈತ್ರಿ ಸಾವ್ಕಾರ್ರ. ಆದ್ರ ಅದಕ್ಕ ಇಬ್ಬರು ಬೇಕು. ಅರಳಿಗೆ ಕೈ ಹಚ್ಚೂದಿಲ್ಲ ಅಂತ ಕೆಲವರು ಅಂದ್ರು. ಹಚ್ಚತೇವಿ ಅಂದವ್ರು, ನಮ್ಮ ಮನಿ ಯಾರ್ದಂತ ತಿಳದ ಮ್ಯಾಲ ಬರಲಿಲ್ಲ. ನಮ್ಮ ಕಾಕಾನ ಮಕ್ಕಳು ಸೈತ ಅರಳಿ ಅಂದ್ರ ಹೆದರತಾರ. ಈ ಮಷೀನಿಗೆ ಎರಡನೇ ಮನಷ್ಯಾ ಬೇಕಾಗೂದಿಲ್ಲ. ಅದಕ್ಕ ಇದನ್ನ ಕೇಳಾಕತ್ತೇನಿ."

ಇದನ್ನು ಅವರು ಪಾಠ ಓದುವ ದನಿಯಲ್ಲೇ ಹೇಳಿದರು. ಅಲ್ಲಿಯವರೆಗೆ ಆ ಯಂತ್ರವನ್ನು ಕೇಳಿದವರೆಲ್ಲ ಬೇಗ ಕೆಲಸವಾಗಲಿ ಎಂದು ಕೇಳಿದವರು, ಇಲ್ಲವೆ ಜಂಬಕ್ಕೆ ಕೇಳಿದವರು. ಜೊತೆಗೆ ಕೈ ಹಾಕಲು ಯಾರೂ ಇಲ್ಲವೆಂದು ಕೇಳಿದವರು ಇವರೊಬ್ಬರೇ. ಒಬ್ಬ ಕಂಟ್ರಾಕ್ಟರ ಮಾತ್ರ ಬರಲು ಒಪ್ಪಿದ್ದಾನೆ, ಆದರೆ ಕೊಂಬೆ ಕಡಿಯುವುದಿಲ್ಲ, ಬುಡಸಹಿತ ಉರುಳಿಸಿ ಕಟ್ಟಿಗೆ ಒಯ್ಯುತ್ತೇನೆ ಎನ್ನುತ್ತಾನೆ ಎಂದೂ ಮಾಸ್ತರರು ಹೇಳಿದರು. ಈ ಸಂಜೆಯೊಳಗೆ ಏನೂ ಆಗದಿದ್ದರೆ ನಾಳೆ ಅವನನ್ನು ಕರೆಯಲೇಬೇಕು, ತಾಯಿಯ ಜೀವಕ್ಕಿಂತ ಗಿಡ ದೊಡ್ಡದಲ್ಲವಲ್ಲ ಎಂದರು.

ನಾನು ತಡೆಯಲಾರದೆ, ನಾನೇ ಬಂದು ಗರಗಸ ಹಿಡಿಯುತ್ತೇನೆ ಎಂದೆ. ಮಾಸ್ತರರು ನನ್ನ ಕಡೆ ತಿರುಗಿ ಕೈ ಮುಗಿದರು.

"ತಮ್ಮಾ, ಬ್ಯಾಸರಾ ಮಾಡ್ಕೋಬ್ಯಾಡ. ನನಗ ಉಪಕಾರ ಬ್ಯಾಡ. ಗರಗಸಾ ಬೇಕು."

ನನ್ನ ಮುಖ ಸಪ್ಪಗಾಯಿತು. ಸಾವುಕಾರರು ರುಮಾಲು ಸರಿಮಾಡಿಕೊಂಡು ಎದ್ದರು. ಗಿಡ ನೋಡದೆ ಗರಗಸ ಕೊಡುವ ರೂಢಿ ತಮ್ಮ ಅಂಗಡಿಯಲ್ಲಿ ಇಲ್ಲವೆಂದೂ, ತಾವೇ ಈಗ ಬಂದು ನೋಡುವುದಾಗಿಯೂ ಹೇಳಿದರು. ಶುದ್ಧ ಸುಳ್ಳು. ಅಷ್ಟು ವರ್ಷಗಳಲ್ಲಿ ಅವರು ಗಿಡದ ವಿಚಾರ ಕೇಳಿದ್ದರೇ ಹೊರತು ಯಾರ ಗಿಡವನ್ನೂ ನೋಡಲು ಹೋದವರಲ್ಲ. ಮಾಸ್ತರರು ಅವರ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಬನ್ನಿ ಎಂದರು.

ಎರಡು ಹಿಡಿಕೆಯ ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿ, ಹಗ್ಗ, ಸಣ್ಣ ಗರಗಸ, ಮರದ ಬೆಣೆ ಹಿಡಿದುಕೊಂಡು ಧಾರವಾಡದ ಬಸ್ಸು ಹತ್ತಿದೆವು. ಕಂಡಕ್ಟರು ಗೋಣಿಚೀಲ ನೋಡಿ ಗೊಣಗಿದ. ಅಮರಗೋಳ ದಾಟುವಾಗಲೇ ಪಶ್ಚಿಮಕ್ಕೆ ಮೋಡ ಕರ್ರಗೆ ಕಟ್ಟುತ್ತಿತ್ತು. ಮೂವರೂ ಅದನ್ನೇ ನೋಡುತ್ತಿದ್ದೆವು.

ಮಾಸ್ತರರು ಹೇಳಿದ್ದಕ್ಕಿಂತ ಕೊಂಬೆ ದೊಡ್ಡದಿತ್ತು. ಆಳೆತ್ತರಕ್ಕಿಂತ ತುಸು ಮೇಲೆ ಕಾಂಡದಿಂದ ಹೊರಟು, ಬುಡದಲ್ಲಿ ಉದ್ದಕ್ಕೆ ಬಾಯಿ ಬಿಟ್ಟು, ಹಂಚಿನ ಮೇಲೆ ಎಲೆಗಳನ್ನು ಹಾಸಿಕೊಂಡು ಬಿದ್ದಿತ್ತು. ಗಂಗವ್ವ ಒಳಗಿನಿಂದ ಬಂದರು. ಗಟ್ಟಿ ಮುದುಕಿ. ಯಾರು ಇವರು ಎಂದು ಮಗನನ್ನು ಕೇಳಿದರು. ಗರಗಸದ ಅಂಗಡಿಯವರು, ಗಿಡ ನೋಡಲು ಬಂದಿದ್ದಾರೆ ಎಂದರು ಮಾಸ್ತರರು. ಹಾಗಾದರೆ ನೋಡಲಿ ಎಂದು ಅವರು ಕಟ್ಟೆಯ ಮೇಲೆ ಕುಳಿತರು.

ಸಾವುಕಾರರು ಗಿಡದ ಸುತ್ತ ಒಂದು ಸುತ್ತು ಬಂದರು. ಅದು ಅಳತೆ ನೋಡುವ ಸುತ್ತೋ, ಸೋಮವಾರದ ಸುತ್ತೋ ನನಗೆ ತಿಳಿಯಲಿಲ್ಲ. ಆಮೇಲೆ ಕೆಲಸ ಹೇಳತೊಡಗಿದರು. ಹೊರತುದಿಯ ರೆಂಬೆಗಳನ್ನು ಮೊದಲು ಸಣ್ಣ ಗರಗಸದಿಂದ ತುಂಡು ತುಂಡಾಗಿ ಇಳಿಸಿ ಭಾರ ಕಡಿಮೆ ಮಾಡಬೇಕು. ಉಳಿದ ಕೊಂಬೆಗೆ ಹಗ್ಗ ಬಿಗಿದು, ಆ ಹಗ್ಗವನ್ನು ಮೇಲಿನ ಗಟ್ಟಿ ಟೊಂಗೆಯ ಮೇಲಿಂದ ಹಾಯಿಸಿ ಒಬ್ಬರು ಹಿಡಿದಿರಬೇಕು. ಬುಡದ ಹತ್ತಿರ ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಹಾಗೆ ಮಾಡಿದರೆ ಕಾಂಡದ ತೊಗಟೆ ಸುಲಿಯುವುದಿಲ್ಲ.

ನಾನು ಹಂಚಿನ ಮೇಲೆ ಹತ್ತಿದೆ. ರೆಂಬೆ ಕೊಯ್ದು ಹಗ್ಗದಲ್ಲಿ ಇಳಿಸಿದೆ, ಮಾಸ್ತರರು ಕೆಳಗೆ ಎಳೆದುಕೊಂಡರು. ಮೊದಲ ರೆಂಬೆಗೆ ಹಲ್ಲು ತಾಗಿಸುವಾಗ ನನ್ನ ಕೈಯೂ ಹೆದರಿತು, ಸುಳ್ಳೇಕೆ ಹೇಳಲಿ. ಮನಸ್ಸಿನಲ್ಲೇ ಕೈ ಮುಗಿದೆ. ಬೇಲಿಯ ಆಚೆ ಓಣಿಯ ಜನ ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದ್ದರು. ಯಾರೂ ಒಳಗೆ ಬರಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು, ಕೆಳಗಿನ ಗಳ ಕಿರುಗುಟ್ಟಿತು.

ಕೊಂಬೆಯ ಆಚೆ ಈಚೆ ಖಾಲಿ ಡ್ರಮ್ಮುಗಳನ್ನಿಟ್ಟು ಹಲಗೆ ಹಾಕಿದೆವು. ಮಾಸ್ತರರು ಒಂದು ಹಲಗೆ ಹತ್ತಿದರು. ನಾನು ಹಗ್ಗ ಬಿಗಿದು, ಇನ್ನೊಂದು ಹಲಗೆ ಹತ್ತಲು ಹೊರಟೆ. ಸಾವುಕಾರರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ನೀ ಹಗ್ಗಾ ಹಿಡಿ, ನಿಂಗಪ್ಪ. ಆ ಭಾರ ತಡಿಯಾಕ ನನ್ನ ಕಡಿಂದ ಆಗೂದಿಲ್ಲ."

ಮಾತು ನಿಜವೇ. ಹಗ್ಗಕ್ಕೆ ಹರೆಯದ ತೋಳು ಬೇಕಿತ್ತು. ಆದರೆ ಹಾಗಾದರೆ ಗರಗಸದ ಆ ತುದಿಗೆ ಯಾರು? ಸಾವುಕಾರರು ಕರಿಕೋಟು ಕಳಚಿ ಕಟ್ಟೆಯ ಮೇಲಿಟ್ಟರು. ರುಮಾಲು ತೆಗೆದು ಅದರ ಮೇಲಿಟ್ಟರು. ಅವರ ಬೋಳುತಲೆಯನ್ನು ನಾನು ಕಂಡದ್ದು ಅದೇ ಮೊದಲು. ಅಂಗಿಯ ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದು, ಕಾಂಡದ ಹತ್ತಿರ ಹೋಗಿ, ಕೈ ಚಾಚಿದವರು ಹಾಗೇ ತಡೆದು ಗಂಗವ್ವನವರ ಕಡೆ ನೋಡಿದರು. ಬೇರೆಯವರ ಮನೆ, ಬೇರೆಯವರ ಧರ್ಮ ಎಂದು ಅವರಿಗೆ ನೆನಪಾಗಿರಬೇಕು.

"ಹಚ್ರಿ," ಎಂದರು ಗಂಗವ್ವ, "ಅದೇನ ಬ್ಯಾಡ ಅನ್ನೂದಿಲ್ಲ."

ಸಾವುಕಾರರು ಮೂರು ಬೆರಳಿನಿಂದ ಕಾಂಡಕ್ಕೆ ವಿಭೂತಿ ಎಳೆದರು. ಧೋತರದ ಕಚ್ಚೆ ಬಿಗಿದು ಹಲಗೆ ಹತ್ತಿ ಹಿಡಿಕೆ ಹಿಡಿದರು. ಗರಗಸ ಕೊಂಬೆಗೆ ತಾಗಿತು. ಬೇಲಿಯ ಆಚೆಯಿಂದ ಯಾರೋ ಶಿವಶಿವಾ ಎಂದದ್ದು ಕೇಳಿಸಿತು.

ಕೆಲಸ ಮಾತ್ರ ಸಾಗಲಿಲ್ಲ. ಗರಗಸ ಎರಡು ಸಲ ಆಡಿ ಮೂರನೆಯ ಸಲಕ್ಕೆ ಬಾಗಿ ಕಚ್ಚಿಕೊಂಡಿತು. ಬಿಡಿಸಿಕೊಂಡು ಮತ್ತೆ ಎಳೆದರೆ ಮತ್ತೆ ಕಚ್ಚಿಕೊಂಡಿತು. ಮಾಸ್ತರರು ಎಳೆದದ್ದಲ್ಲದೆ, ಆಚೆ ತುದಿಯ ಸಾವುಕಾರರಿಗೆ ಕಷ್ಟವಾಗದಿರಲೆಂದು ಹಿಡಿಕೆಯನ್ನು ತಾವೇ ನೂಕುತ್ತಿದ್ದರು. ಅವರ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೊದಲ ಹನಿಗಳು ಬಿದ್ದವು. ನನ್ನ ಕೈಯಲ್ಲಿ ಹಗ್ಗ ಜಗ್ಗುತ್ತಿತ್ತು, ಕೊಂಬೆ ತೂಗತೊಡಗಿತ್ತು. ಸಾವುಕಾರರು ಗರಗಸ ನಿಲ್ಲಿಸಿದರು.

"ಮಾಸ್ತರ್ರ, ನೂಕಬ್ಯಾಡ್ರಿ. ನಿಮ್ಮ ಪಾಲಿಂದಷ್ಟ ಎಳೀರಿ. ಎಳದ ಮ್ಯಾಲ ಕೈ ಸಡ್ಲ ಬಿಡ್ರಿ. ಆಮ್ಯಾಲಿಂದು ನಾ ಎಳೀತೇನಿ."

ಮಾಸ್ತರರು ಅವರನ್ನು ನೋಡಿ ತಲೆಯಾಡಿಸಿದರು. ಎಳೆದರು, ಸಡಿಲ ಬಿಟ್ಟರು. ಸಾವುಕಾರರು ಎಳೆದರು, ಸಡಿಲ ಬಿಟ್ಟರು. ಸ್ವಲ್ಪ ಹೊತ್ತಿಗೆ ಗರಗಸದ ದನಿಯೇ ಬದಲಾಯಿತು. ಮರದ ಹೊಟ್ಟು ಇಬ್ಬರ ಮೈಮೇಲೂ ಬಿಳಿಯಾಗಿ ಉದುರಿತು. ನಾನು ಬೆಣೆ ಬೇಕೇ ಎಂದು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಒಂದು ಸಣ್ಣ ಲಟಕ್ ಸದ್ದು, ಹಗ್ಗಕ್ಕೆ ಭಾರ ಬಂತು, ನಾನು ಗೋಡೆಗೆ ಕಾಲು ಕೊಟ್ಟು ಒಂದೊಂದೇ ಹಿಡಿ ಬಿಟ್ಟೆ. ಕೊಂಬೆ ಅಂಗಳಕ್ಕೆ ಇಳಿದು ಮಲಗಿತು. ಒಂದು ಹಂಚೂ ಒಡೆಯಲಿಲ್ಲ. ಕಾಂಡದ ತೊಗಟೆ ಸುಲಿಯಲಿಲ್ಲ.

ಸಾವುಕಾರರು ಹಲಗೆಯಿಂದ ಇಳಿದು ಗಂಗವ್ವನವರ ಹತ್ತಿರ ಕಟ್ಟೆಯ ಮೇಲೆಯೇ ಕುಳಿತುಬಿಟ್ಟರು. ಅವರ ಕೈಗಳು ನಡುಗುತ್ತಿದ್ದವು. ಅದನ್ನು ನೋಡಿ ಗಂಗವ್ವ, ಹೆದರಿಕೆ ಆಯಿತೇ ಎಂದು ಕೇಳಿದರು.

"ಆತವ್ವಾ," ಎಂದರು ಸಾವುಕಾರರು, "ಭಾಳ ಹೆದರಿಕಿ ಆತು."

ನಾನು ಅವರ ಅಂಗಡಿಯಲ್ಲಿ ಎಷ್ಟೋ ವರ್ಷ ದುಡಿದೆ, ಹೆದರಿದೆನೆಂದು ಅವರು ಹೇಳಿದ್ದನ್ನು ಬೇರೆಂದೂ ಕೇಳಲಿಲ್ಲ. ಗಂಗವ್ವ ಒಳಗೆ ಹೋಗಿ ನೀರು ತಂದು ಅವರ ಕೈಮೇಲೆ ಹಾಕಿದರು, ಆಮೇಲೆ ಕುಡಿಯಲೂ ಕೊಟ್ಟರು. ಸಾವುಕಾರರು ತಂಬಿಗೆ ಎತ್ತಿ ಗಟಗಟ ಕುಡಿದರು. ಬೇಲಿಯ ಆಚೆ ನಿಂತವರೆಲ್ಲ ಅದನ್ನು ನೋಡಿದರು. ಮಳೆ ಜೋರಾದಾಗ ಚದುರಿದರು.

ಮಾಸ್ತರರು ಗರಗಸದ ಬೆಲೆ ಕೊಟ್ಟೇ ಕೊಟ್ಟರು, ಸಾವುಕಾರರು ತೆಗೆದುಕೊಂಡೇ ತೆಗೆದುಕೊಂಡರು. ಇಬ್ಬರೂ ಆ ವಿಷಯದಲ್ಲಿ ಒಂದೇ ತರಹದ ಮನುಷ್ಯರು. ಚೈನ್ ಗರಗಸವನ್ನು ಮುಂದೆ ಕಟ್ಟಿಗೆ ಅಡ್ಡೆಯವರೊಬ್ಬರು ಒಯ್ದರು. ನೆಲದ ಮೇಲೆ ಬಿದ್ದ ದಿಮ್ಮಿಗಳಿಗೆ ಅದು ಸರಿಯಾಗಿತ್ತು. ಆ ದಿನ ಸಾವುಕಾರರು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಮಾಸ್ತರರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಗರಗಸದ ಹಲ್ಲು ಚೂಪು ಮಾಡಿಸಲು ಅಂಗಡಿಗೆ ಬರುತ್ತಿದ್ದರು. ಎರಡನೆಯ ಸಲ ಬಂದಾಗ ನಾನು ಅರ ಹಿಡಿದು ಕುಳಿತವನು ಹಲ್ಲುಗಳನ್ನು ನೋಡಿ ಬೆರಗಾದೆ. ಎಲ್ಲ ಸವೆದು ಮೊಂಡಾಗಿದ್ದವು. ಸಾವುಕಾರರೂ ಬಂದು ಹೆಬ್ಬೆರಳು ಆಡಿಸಿ ನೋಡಿ, ನಿಮ್ಮ ಮನೆಯಲ್ಲಿರುವುದು ಒಂದೇ ಗಿಡ, ಅದನ್ನೂ ಮುಟ್ಟುವವರಲ್ಲ ನೀವು, ಇಷ್ಟು ಸವೆದದ್ದು ಹೇಗೆ ಎಂದು ಕೇಳಿದರು.

ಓಣಿಯವರು ಕೇಳಿ ಒಯ್ಯುತ್ತಾರೆ, ಒಬ್ಬರಿಗೆ ಬೇವು ಇರುತ್ತದೆ, ಒಬ್ಬರಿಗೆ ಹುಣಸೆ ಎಂದರು ಮಾಸ್ತರರು. ಮಳೆಗಾಲಕ್ಕೆ ಮುಂಚೆ ಅದು ಮನೆಯಲ್ಲಿ ಇರುವುದೇ ಕಡಿಮೆಯಂತೆ.

"ಕೊಡತೇನಿ, ಇಲ್ಲ ಅನ್ನೂದಿಲ್ಲ. ಆದ್ರ ಒಂದ ಕರಾರು. ಇನ್ನೊಂದ ಕಡಿ ನಾನ ಹಿಡಿಯಾಂವ."

ಸಾವುಕಾರರ ಹೆಬ್ಬೆರಳು ಗರಗಸದ ಮೇಲೆಯೇ ನಿಂತಿತು. ಅದಕ್ಕೆ ಓಣಿಯವರು ಒಪ್ಪುತ್ತಾರೆಯೇ ಎಂದು ಮೆಲ್ಲಗೆ ಕೇಳಿದರು.

"ಹ್ವಾದ ವರ್ಷ ಕೆಲವ್ರು ಗರಗಸಾ ಅಲ್ಲೇ ಇಟ್ಟ ಹೊಳ್ಳಿ ಹೋದ್ರು," ಎಂದರು ಮಾಸ್ತರರು. "ಈ ವರ್ಷ ಯಾರೂ ಹೋಗಲಿಲ್ರಿ."